ಮೆಜೆಸ್ಟಿಕ್‌ಗೆ ಜನರನ್ನು ಹಿಡಿಯುವ ವ್ಯಾನ್ ಬೇಡ, ನಡೆದು ಸುತ್ತುವ ತಂಡ ಕೊಡಿ

ಬೆಂಗಳೂರು ಕೇಂದ್ರ ನಗರ ಪಾಲಿಕೆಯ ಆಯುಕ್ತರಿಗೆ, ಬೆಂಗಳೂರು ನಗರ ಪೊಲೀಸ್ ಆಯುಕ್ತರಿಗೆ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ಮೂರು ಕಡೆಗೂ ಒಂದೇ ಪತ್ರ ಬರೆಯಲು ಕಾರಣವಿದೆ. ರಾತ್ರಿ ಹನ್ನೊಂದರ ಮೇಲೆ ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ಒಬ್ಬ ಮನುಷ್ಯ ಎಚ್ಚರ ತಪ್ಪಿ ಬಿದ್ದಿದ್ದಾನೆ ಅನ್ನಿ. ಅವನು ಯಾರ ಜವಾಬ್ದಾರಿ ಎಂದು ವಿಚಾರಿಸಿದರೆ ಒಂದು ಕಚೇರಿಯವರು ಇನ್ನೊಂದರ ಕಡೆ ಕೈ ತೋರಿಸುತ್ತಾರೆ, ಅವರು ಮೂರನೆಯವರ ನಂಬರ್ ಕೊಡುತ್ತಾರೆ, ಆ ನಂಬರ್ ಬೆಳಿಗ್ಗೆ ಹತ್ತರವರೆಗೆ ರಿಂಗ್ ಆಗುತ್ತಲೇ ಇರುತ್ತದೆ. ಈ ಪತ್ರವನ್ನಾದರೂ ಮೂವರೂ ಒಟ್ಟಿಗೆ ಕೂತು ಓದಬೇಕು ಎಂಬುದು ನನ್ನ ಆಸೆ.

ಕೇಳುತ್ತಿರುವುದು ಒಂದೇ. ಕೆಂಪೇಗೌಡ ಬಸ್ ನಿಲ್ದಾಣ, ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ, ಸುಬೇದಾರ್ ಛತ್ರಂ ರಸ್ತೆ, ಅಲ್ಲಿಂದ ಕಾಟನ್‌ಪೇಟೆ, ಚಿಕ್ಕಪೇಟೆ ಹಾಯ್ದು ಕೆ.ಆರ್. ಮಾರುಕಟ್ಟೆಯವರೆಗಿನ ಬೀದಿಗಳಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಕಾಲ್ನಡಿಗೆಯಲ್ಲಿ ಸುತ್ತುವ ಒಂದು ತಂಡ ಬೇಕು. ಅದರ ಕೈಯಲ್ಲಿ ಲಾಠಿ ಇರಬಾರದು, ಹಿಂದೆ ಜಾಲರಿ ಹಾಕಿದ ವ್ಯಾನ್ ಇರಬಾರದು. ದಿನಾ ಅದೇ ಮುಖಗಳು, ಅದೇ ಬೀದಿಗಳು. ಬೀದಿಯಲ್ಲಿ ಮಲಗುವವರ ಹೆಸರು, ಊರು, ಕಾಯಿಲೆ ಗೊತ್ತಿರುವ ತಂಡ. ಕಷ್ಟದಲ್ಲಿರುವವರ ಪಕ್ಕ ಕೂತು ಮಾತಾಡಿ, ಬೇಕಾದವರನ್ನು ಆಸ್ಪತ್ರೆಗೋ ತಂಗುದಾಣಕ್ಕೋ ಕೈಹಿಡಿದು ಕರೆದುಕೊಂಡು ಹೋಗಿ, ಕೆಲಸ ಮುಗಿಯುವವರೆಗೆ ಜೊತೆಗಿರುವ ತಂಡ.

ಗಾಂಧಿನಗರದಲ್ಲಿ ರಾತ್ರಿಯಿಡೀ ತೆರೆದಿರುವ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು ನಾನು. ಹಗಲು ಈ ಪ್ರದೇಶವನ್ನು ನೋಡಿದವರಿಗೆ ಅದರ ರಾತ್ರಿ ಗೊತ್ತಿರುವುದಿಲ್ಲ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ಬಸ್ ನಿಲ್ದಾಣಕ್ಕೆ ನಡುರಾತ್ರಿಯಲ್ಲೂ ಬಸ್ಸುಗಳು ಬರುತ್ತಲೇ ಇರುತ್ತವೆ. ನಸುಕಿನಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಬಸ್ಸುಗಳಿಂದ ಗಂಟುಮೂಟೆ, ಸ್ಟವ್, ನಿದ್ದೆಗಣ್ಣಿನ ಮಕ್ಕಳ ಸಮೇತ ಇಡೀ ಸಂಸಾರಗಳು ಇಳಿಯುತ್ತವೆ. ಮೇಸ್ತ್ರಿ ಬಂದು ಕರೆದುಕೊಂಡು ಹೋಗುವವರೆಗೆ ಪ್ಲಾಟ್‌ಫಾರ್ಮಿನಲ್ಲೇ ಅವರ ಬಿಡಾರ. ಮೇಸ್ತ್ರಿ ಬರದಿದ್ದರೆ? ಫೋನ್ ಸ್ವಿಚ್ ಆಫ್ ಆಗಿದ್ದರೆ? ಆಗ ಅವರ ಹತ್ತಿರ ಮೊದಲು ಬರುವವನು ಲಾಡ್ಜಿನ ದಲ್ಲಾಳಿ, ಇಲ್ಲವೇ ಕೆಲಸ ಕೊಡಿಸುತ್ತೇನೆ ಎನ್ನುವ ಗುರುತಿಲ್ಲದ ಮನುಷ್ಯ. ಆ ಹೊತ್ತಿನಲ್ಲಿ ಅವರನ್ನು ಮಾತಾಡಿಸಲು ಸರ್ಕಾರದ ಕಡೆಯಿಂದ ಯಾರೂ ಇರುವುದಿಲ್ಲ. ನನಗೆ ಅತಿ ಹೆಚ್ಚು ಚಿಂತೆ ಹುಟ್ಟಿಸುವುದು ಈ ಸಂಗತಿ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರ ಓಡಾಟ ಕಣ್ಣಿಗೆ ಕಾಣುವಷ್ಟು ಹೆಚ್ಚಾಗಿದೆ, ಒಳ್ಳೆಯದೇ ಆಯಿತು. ಒಬ್ಬರೇ ಬರುವ ವಯಸ್ಸಾದ ತಾಯಂದಿರು, ನಿಮ್ಹಾನ್ಸ್‌ಗೋ ಕಿದ್ವಾಯಿಗೋ ತೋರಿಸಿಕೊಳ್ಳಲು ಬಂದು ಬೆಳಗಾಗುವುದನ್ನು ಕಾಯುವವರು, ಮನೆಯಲ್ಲಿ ಹೊಡೆತ ತಡೆಯಲಾರದೆ ಉಟ್ಟ ಸೀರೆಯಲ್ಲಿ ಬಸ್ ಹತ್ತಿ ಬಂದ ಹೆಣ್ಣುಮಕ್ಕಳು, ಎಲ್ಲರೂ ನಸುಕಿನಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ. ಬಸ್ ಉಚಿತವಾಯಿತು. ಇಳಿದ ಮೇಲೆ ಕೂರಲು ಒಂದು ಸುರಕ್ಷಿತ ಜಾಗ, ಧೈರ್ಯ ಹೇಳಲು ಒಬ್ಬ ಹೆಂಗಸು, ಇಷ್ಟನ್ನು ಸೇರಿಸಿದರೆ ಆ ಯೋಜನೆಗೂ ಅರ್ಥ ಬರುತ್ತದೆ.

ಇವರಲ್ಲದೆ ಇಲ್ಲೇ ಬದುಕುವವರಿದ್ದಾರೆ. ಮಾರುಕಟ್ಟೆಯಲ್ಲಿ ಲೋಡ್ ಇಳಿಸುವ ಹಮಾಲಿಗಳು, ಪ್ಲಾಸ್ಟಿಕ್ ಆಯುವವರು, ಮದುವೆ ಮನೆಯಲ್ಲಿ ಬಡಿಸುವ ಕೂಲಿಗೆ ಹೋಗುವವರು. ದುಡಿದು ತಿನ್ನುವ ಜನ, ಮನೆ ಬಾಡಿಗೆ ಕೈಗೆಟಕದೆ ಅಂಗಡಿ ಬಾಗಿಲ ಮುಂದೆ ಮಲಗುತ್ತಾರೆ. ಬೀದಿಯಲ್ಲಿ ನಿಂತು ಬದುಕು ಸಾಗಿಸುವ ಹೆಂಗಸರಿದ್ದಾರೆ, ಲಿಂಗತ್ವ ಅಲ್ಪಸಂಖ್ಯಾತರಿದ್ದಾರೆ. ಸಲ್ಯೂಷನ್ ಮೂಸಿ ಮಂಕಾಗಿ ಕೂರುವ ಹುಡುಗರಿದ್ದಾರೆ. ಮನೆಯವರು ರೈಲು ಹತ್ತಿಸಿ ಕೈ ತೊಳೆದುಕೊಂಡ ಮುದುಕರಿದ್ದಾರೆ. ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗಳಲ್ಲಿ ತಮ್ಮವರನ್ನು ದಾಖಲಿಸಿ ಹೊರಗೆ ಟವೆಲ್ ಹಾಸಿ ಮಲಗುವ ಹಳ್ಳಿಯ ಜನರಿದ್ದಾರೆ. ನಿಮ್ಮ ಕಡತಗಳಲ್ಲಿ ಇವರೆಲ್ಲರಿಗೂ ಭಿಕ್ಷುಕರು, ನಿರಾಶ್ರಿತರು ಎಂದು ಒಟ್ಟಾಗಿ ಹೆಸರಿಟ್ಟರೆ ಯಾರಿಗೆ ಏನು ಬೇಕು ಎಂಬುದು ಯಾವತ್ತಿಗೂ ತಿಳಿಯುವುದಿಲ್ಲ. ಹಮಾಲಿಗೆ ಬೇಕಾದದ್ದು ಸಾಮಾನು ಇಡಲು ಬೀಗ ಹಾಕುವ ಒಂದು ಪೆಟ್ಟಿಗೆ. ಮುದುಕರಿಗೆ ಬೇಕಾದದ್ದು ಬಿ.ಪಿ. ಮಾತ್ರೆ ಮತ್ತು ಆಧಾರ್ ಕಾರ್ಡ್. ಹುಡುಗನಿಗೆ ಬೇಕಾದದ್ದು ಬಯ್ಯದೆ ಮಾತಾಡಿಸುವ ಒಬ್ಬ ಅಣ್ಣ.

ಒಂದು ಪ್ರಸಂಗ ಹೇಳುತ್ತೇನೆ. ಕಳೆದ ಮಳೆಗಾಲದ ಒಂದು ರಾತ್ರಿ, ಅರವತ್ತು ದಾಟಿರಬಹುದಾದ ಒಬ್ಬರು ಕೌಂಟರಿನ ಮುಂದೆ ಬಂದು ನಿಂತು ಐದು ರೂಪಾಯಿ ನಾಣ್ಯ ಇಟ್ಟು ಬ್ಯಾಂಡೇಜ್ ಕೇಳಿದರು. ಎಡಗಾಲಿಗೆ ಗೊಬ್ಬರದ ಚೀಲದ ತುಂಡು ಸುತ್ತಿ ಸೆಣಬಿನ ದಾರದಲ್ಲಿ ಕಟ್ಟಿಕೊಂಡಿದ್ದರು. ಅದನ್ನು ಬಿಚ್ಚಿದಾಗ ಹಿಮ್ಮಡಿಯ ಮೇಲಿನ ಗಾಯದಲ್ಲಿ ಹುಳ ಹರಿದಾಡುತ್ತಿದ್ದವು. ಸಕ್ಕರೆ ಕಾಯಿಲೆ ಇದೆಯೇ ಎಂದರೆ ಇದೆ, ಮಾತ್ರೆ ಚೀಲದಲ್ಲಿತ್ತು, ಚೀಲ ಯಾರೋ ಎತ್ತಿಕೊಂಡು ಹೋದರು ಎಂದರು. 108ಕ್ಕೆ ಫೋನ್ ಮಾಡಿದೆವು, ಗಾಡಿ ಬಂತು, ಹುಡುಗರು ಮರ್ಯಾದೆಯಿಂದಲೇ ಎತ್ತಿಕೊಂಡರು. ಪಕ್ಕದ ಟೀ ಅಂಗಡಿಯ ಹುಡುಗ ಜೊತೆಗೆ ಹೋದ. ದೊಡ್ಡ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಗಾಯ ತೊಳೆದು ಪಟ್ಟಿ ಹಾಕಿದರು. ಒಳಗೆ ಸೇರಿಸಿಕೊಳ್ಳುವ ಮಾತು ಬಂದಾಗ ಕೇಳಿದ ಪ್ರಶ್ನೆ ಒಂದೇ: ಅಟೆಂಡರ್ ಯಾರು? ಹುಡುಗ ಬೆಳಿಗ್ಗೆ ಐದಕ್ಕೆ ಅಂಗಡಿ ತೆಗೆಯಬೇಕಿತ್ತು. ಸಹಿ ಹಾಕಿ ಉಳಿಯುವವರು ಇಲ್ಲ ಎಂಬ ಕಾರಣಕ್ಕೆ ಅವರು ಬೆಳಗಾಗುವ ಮೊದಲೇ ಮತ್ತೆ ತುಳಸಿತೋಟದ ಹತ್ತಿರದ ಕಟ್ಟೆಯ ಮೇಲಿದ್ದರು. ಕೆಲವು ವಾರಗಳ ನಂತರ ಅವರು ಕಾಣಿಸಲಿಲ್ಲ. ಏನಾದರೆಂದು ಕೇಳಲು ನಮಗೆ ಅವರ ಪೂರ್ತಿ ಹೆಸರೂ ಗೊತ್ತಿರಲಿಲ್ಲ.

ಇಲ್ಲಿ ಕೊರತೆ ಯಾವುದು ಎಂದು ಗಮನಿಸಿ. ಆಂಬುಲೆನ್ಸ್ ಇತ್ತು, ಆಸ್ಪತ್ರೆ ಇತ್ತು, ಡಾಕ್ಟರ್ ಇದ್ದರು, ಔಷಧಿ ಇತ್ತು. ಇಲ್ಲದ್ದು ಜೊತೆಯಲ್ಲಿ ನಿಲ್ಲುವ ಒಬ್ಬ ಮನುಷ್ಯ, ಸರ್ಕಾರದ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು 'ನಾನಿದ್ದೇನೆ, ಸೇರಿಸಿಕೊಳ್ಳಿ' ಎನ್ನಬಲ್ಲವನು. ಮರುದಿನ ಬಂದು ನೋಡುವವನು, ಒಂದು ವಾರದ ಮೇಲೆ ಡ್ರೆಸ್ಸಿಂಗ್‌ಗೆ ಮತ್ತೆ ಕರೆದುಕೊಂಡು ಹೋಗುವವನು. ನಾನು ಕೇಳುತ್ತಿರುವ ತಂಡದ ಮುಕ್ಕಾಲು ಕೆಲಸ ಇದೇ.

ನಿಮ್ಮಲ್ಲಿ ಗಸ್ತು ಇಲ್ಲವೆಂದಲ್ಲ. ಹೊಯ್ಸಳ ವಾಹನಗಳು ಬರುತ್ತವೆ, 112ಕ್ಕೆ ಕರೆ ಮಾಡಿದರೆ ಸ್ಪಂದಿಸುತ್ತಾರೆ. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ನಗರದ ತುಂಬ ಸಾವಿರಾರು ಕ್ಯಾಮೆರಾಗಳು ಬಂದಿವೆ, ನಮ್ಮ ಅಂಗಡಿ ಎದುರಿನ ಕಂಬದಲ್ಲೂ ಒಂದಿದೆ. ಸರ ಕಿತ್ತವನನ್ನು ಹಿಡಿಯಲು ಅದು ಬೇಕು. ಆದರೆ ಕಂಬದ ಕೆಳಗೆ ಜ್ವರದಿಂದ ನಡುಗುತ್ತಿರುವ ಹೆಂಗಸಿಗೆ ಕ್ಯಾಮೆರಾದಿಂದ ಆಗುವ ಉಪಕಾರವೇನು? ರಾತ್ರಿ ಪಾಳಿಯ ಪೇದೆಗಳನ್ನು ನಾನು ಹತ್ತಿರದಿಂದ ಬಲ್ಲೆ. ಅವರಲ್ಲಿ ಬಹಳ ಜನ ಕರುಣೆ ಇರುವವರೇ, ಜೇಬಿನಿಂದ ಬನ್ನು ಟೀ ಕೊಡಿಸಿದ್ದನ್ನು ನೋಡಿದ್ದೇನೆ. ಜಗಳ ಬಿಡಿಸುವುದು, ಬಂದೋಬಸ್ತು, ವಿಐಪಿ ಓಡಾಟ, ಇವುಗಳ ನಡುವೆ ಒಬ್ಬ ಮುದುಕನ ಜೊತೆ ಮೂರು ಗಂಟೆ ಆಸ್ಪತ್ರೆಯಲ್ಲಿ ಕೂರಲು ಅವರಿಗೆ ಸಮಯ ಎಲ್ಲಿಂದ ಬರಬೇಕು? ಖಾಕಿ ಕಂಡ ಕೂಡಲೇ ಎದ್ದು ಓಡುವ ಜನರ ಜೊತೆ ಅವರು ಸಲುಗೆ ಬೆಳೆಸುವುದಾದರೂ ಹೇಗೆ?

ಆ ಓಟಕ್ಕೆ ಇತಿಹಾಸವಿದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಭಿಕ್ಷೆ ಬೇಡುವವರನ್ನು ವಾರಂಟ್ ಇಲ್ಲದೆ ಹಿಡಿಯುವ ಅಧಿಕಾರ ಕೊಟ್ಟಿದೆ. ಹಿಡಿದವರನ್ನು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸಾಗಿಸುವುದು ರೂಢಿ. 2010ರ ಆಗಸ್ಟ್‌ನಲ್ಲಿ ಆ ಕೇಂದ್ರದಲ್ಲಿ ಸಾಲು ಸಾಲಾಗಿ ಜನ ಸತ್ತರು, ರಾಜ್ಯವೇ ತಲೆ ತಗ್ಗಿಸಿತು. 2014ರ ನವೆಂಬರ್ ಕೊನೆಯಲ್ಲಿ ಭಿಕ್ಷಾಟನೆ ನೆಪದಲ್ಲಿ ನೂರಕ್ಕೂ ಹೆಚ್ಚು ಲಿಂಗತ್ವ ಅಲ್ಪಸಂಖ್ಯಾತರನ್ನು ನಗರದ ಬೀದಿಗಳಿಂದ ಎತ್ತಿಕೊಂಡು ಹೋಗಿ ಅಲ್ಲೇ ಕೂಡಿಹಾಕಲಾಯಿತು. ಕೇಂದ್ರದಲ್ಲಿ ಆಮೇಲೆ ಎಷ್ಟೇ ಸುಧಾರಣೆ ಆಗಿರಲಿ, ಬೀದಿಯ ನೆನಪು ದೊಡ್ಡದು. 'ಗಾಡಿ ಬಂತು' ಎಂದು ಯಾರೋ ಕೂಗಿದರೆ ಸಾಕು, ಜ್ವರದಲ್ಲಿ ಮಲಗಿದವರೂ ಎದ್ದು ಗಲ್ಲಿ ಸೇರುತ್ತಾರೆ. ಹೀಗೆ ಓಡಿ ಅಡಗಿದವರಿಗೆ ಕ್ಷಯರೋಗದ ಮಾತ್ರೆ ಕೊಡುವುದು ಹೇಗೆ, ಅಡಗಿಕೊಂಡ ಹುಡುಗಿಯನ್ನು ಮಾರುವವನ ಕೈಯಿಂದ ತಪ್ಪಿಸುವುದು ಹೇಗೆ?

2018ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಅಲ್ಲಿ ಜಾರಿಯಲ್ಲಿದ್ದ ಭಿಕ್ಷಾಟನೆ ಕಾಯ್ದೆಯಲ್ಲಿ ಬೇಡುವುದನ್ನು ಅಪರಾಧವೆಂದು ಶಿಕ್ಷಿಸುವ ಕಲಮುಗಳನ್ನು ಅಸಿಂಧು ಮಾಡಿತು. 2021ರ ಜುಲೈನಲ್ಲಿ, ಕೋವಿಡ್ ಸಮಯದಲ್ಲಿ ಬೇಡುವವರನ್ನು ರಸ್ತೆಗಳಿಂದ ತೆಗೆಸಬೇಕು ಎಂಬ ಬೇಡಿಕೆ ಬಂದಾಗ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ, ಬೇರೆ ದಾರಿ ಇಲ್ಲದೆ ಜನ ಬೇಡುತ್ತಾರೆ ಎಂದಿತು. ನಮ್ಮ 1975ರ ಕಾಯ್ದೆ ಏನಾಗಬೇಕು ಎಂಬುದು ವಿಧಾನಸಭೆಯ ವಿಷಯ, ನಾನು ಆ ಚರ್ಚೆಗೆ ಹೋಗುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ಮೊದಲು ಬರುವ ಸರ್ಕಾರ ವ್ಯಾನಿನ ರೂಪದಲ್ಲಿ ಬರಬಾರದು ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ. ಅದಕ್ಕೆ ಕಾಯ್ದೆ ತಿದ್ದಬೇಕಾಗಿಲ್ಲ, ನಿಮ್ಮ ಮೂರು ಸಹಿ ಸಾಕು.

ಕಾನೂನಿನ ಬೆಂಬಲ ನಿಮ್ಮ ಕಡೆಗೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಮನ್ನು ಪ್ರತಿ ಠಾಣೆಯ ಗೋಡೆಯಲ್ಲಿ ಕನ್ನಡದಲ್ಲಿ ತೂಗುಹಾಕಬೇಕು. ಮಾನಸಿಕ ಕಾಯಿಲೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರು ಠಾಣೆಯ ವ್ಯಾಪ್ತಿಯಲ್ಲಿ ಕಂಡರೆ ಅವರಿಗೆ ರಕ್ಷಣೆ ಕೊಡುವುದು ಠಾಣಾಧಿಕಾರಿಯ ಕರ್ತವ್ಯ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಯಿಲ್ಲದವರಾದರೆ ಕಾಣೆಯಾದವರ ಬಗ್ಗೆ ದಾಖಲಿಸುವಂತೆ ಎಫ್‌ಐಆರ್ ಹಾಕಿ ಮನೆಯವರನ್ನು ಹುಡುಕಬೇಕು. ಎಷ್ಟು ಚೆನ್ನಾದ ಕಲಮು! ಅದು ಕಾಗದದಿಂದ ಬೀದಿಗೆ ಇಳಿಯಬೇಕಾದರೆ ಬೀದಿಯಲ್ಲಿ ಕಣ್ಣು ಬೇಕು. ಕಸದ ತೊಟ್ಟಿಯ ಪಕ್ಕ ಒಬ್ಬಳೇ ಮಾತಾಡಿಕೊಳ್ಳುತ್ತ ಕೂತವಳು ನಿನ್ನೆ ಅಲ್ಲಿದ್ದಳೇ, ಊಟ ಮಾಡಿದಳೇ, ಯಾವ ಭಾಷೆಯಲ್ಲಿ ಮಾತಾಡುತ್ತಾಳೆ ಎಂಬುದನ್ನು ದಿನಾ ಹಾದುಹೋಗುವವರು ಮಾತ್ರ ಹೇಳಬಲ್ಲರು. ಒಂಟಿಯಾಗಿ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು ಎಂದು ಬಾಲನ್ಯಾಯ ಕಾಯ್ದೆಯೂ ಹೇಳುತ್ತದೆ. ಆ ಮಗು ಯಾರ ಕಣ್ಣಿಗೆ ಮೊದಲು ಬೀಳುತ್ತದೆ ಎಂಬುದರ ಮೇಲೆ ಅದರ ಇಡೀ ಬದುಕು ನಿಂತಿದೆ.

ಇದು ಆಗುವ ಕೆಲಸವೇ ಎಂಬ ಅನುಮಾನ ಬೇಡ. ಇದೇ ಮೆಜೆಸ್ಟಿಕ್‌ನಲ್ಲಿ ಆಗಿರುವುದನ್ನೇ ನೋಡಿ. ಎಚ್‌ಐವಿ ತಡೆ ಕಾರ್ಯಕ್ರಮದಲ್ಲಿ ಬೀದಿಯ ಲೈಂಗಿಕ ಕಾರ್ಯಕರ್ತೆಯರನ್ನೇ ಪೀರ್ ಎಜುಕೇಟರ್‌ಗಳನ್ನಾಗಿ, ಅಂದರೆ ತಮ್ಮವರಿಗೆ ತಾವೇ ತಿಳಿಹೇಳುವವರನ್ನಾಗಿ ನೇಮಿಸಿಕೊಂಡರು, ಸುಮಾರು ಅರವತ್ತು ಜನರಿಗೆ ಒಬ್ಬರಂತೆ. ಡಾಕ್ಟರ್ ಹೇಳಿದರೆ ಕೇಳದವರು ತಮ್ಮವಳು ಹೇಳಿದಾಗ ಕೇಳಿದರು, ಪರೀಕ್ಷೆಗೆ ಬಂದರು, ಮಾತ್ರೆ ನುಂಗಿದರು. ಬೋಸ್ಕೊ ಸಂಸ್ಥೆಯವರು 1980ರಿಂದ ಬೀದಿ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದಾರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಗೇ ಹೋಗಿ ಮಕ್ಕಳನ್ನು ಮಾತಾಡಿಸುವುದು ಅವರ ರೀತಿ. ಬೇಕಾದ ಅನುಭವ ಈ ಊರಿನಲ್ಲೇ ಇದೆ. ಅದು ಒಂದೊಂದು ಯೋಜನೆಯ ಚೌಕಟ್ಟಿನಲ್ಲಿ ಹಂಚಿಹೋಗಿದೆ ಅಷ್ಟೇ. ಎಚ್‌ಐವಿ ತಂಡಕ್ಕೆ ಮುದುಕನ ಕಾಲಿನ ಗಾಯ ತನ್ನ ಕೆಲಸವಲ್ಲ, ಮಕ್ಕಳ ತಂಡಕ್ಕೆ ಮಗುವಿನ ತಾಯಿ ತನ್ನ ಲೆಕ್ಕಕ್ಕೆ ಬರುವುದಿಲ್ಲ.

ಕೋಲ್ಕತ್ತದಲ್ಲಿ ಈಶ್ವರ ಸಂಕಲ್ಪ ಎಂಬ ಸಂಸ್ಥೆ 2007ರಿಂದ ಬೀದಿಯಲ್ಲಿರುವ ಮನೋರೋಗಿಗಳಿಗೆ ಬೀದಿಯಲ್ಲೇ ಚಿಕಿತ್ಸೆ ಕೊಡುತ್ತಿದೆ. ಅವರ 'ನಯಾ ದೌರ್' ಕಾರ್ಯಕ್ರಮದಲ್ಲಿ ಆ ಬೀದಿಯ ಟೀ ಅಂಗಡಿಯವರು, ತಿಂಡಿ ಗಾಡಿಯವರು ದಿನಾ ಮಾತ್ರೆ ಕೊಡುವ, ಊಟ ನೋಡಿಕೊಳ್ಳುವ ಜವಾಬ್ದಾರಿ ಹೊರುತ್ತಾರೆ. ಎಲ್ಲರನ್ನೂ ಎತ್ತಿಕೊಂಡು ಹೋಗಿ ಗೋಡೆಯೊಳಗೆ ಇಡಬೇಕಾಗಿಲ್ಲ ಎಂಬುದನ್ನು ಅವರು ತೋರಿಸಿಕೊಟ್ಟಿದ್ದಾರೆ. ನಮ್ಮ ಗಾಂಧಿನಗರದ ಟೀ ಅಂಗಡಿ ಹುಡುಗನಿಗೆ ಒಬ್ಬರು ಹೇಳಿಕೊಟ್ಟರೆ ಅವನೂ ಇದನ್ನು ಮಾಡುತ್ತಾನೆ. ಅರ್ಧ ಕೆಲಸ ಅವನು ಈಗಾಗಲೇ ಮಾಡುತ್ತಿದ್ದಾನೆ.

ಕೆನಡಾದ ವಿನಿಪೆಗ್ ನಗರದ್ದು ಇನ್ನೊಂದು ಬಗೆ. ಅಲ್ಲಿನ ಮೂಲನಿವಾಸಿಗಳು ತಮ್ಮ ಬಡಾವಣೆ ಕಾಯಲು 1992ರಲ್ಲಿ ಬೇರ್ ಕ್ಲಾನ್ ಪೆಟ್ರೋಲ್ ಎಂಬ ಕಾಲ್ನಡಿಗೆಯ ಗಸ್ತು ಕಟ್ಟಿದರು. ಅದು ನಡುವೆ ನಿಂತುಹೋಯಿತು. 2014ರಲ್ಲಿ ಹದಿನೈದು ವರ್ಷದ ಮೂಲನಿವಾಸಿ ಹುಡುಗಿಯ ಶವ ರೆಡ್ ನದಿಯಲ್ಲಿ ಸಿಕ್ಕಿತು. ಆ ಸಿಟ್ಟು, ಸಂಕಟದಲ್ಲಿ ಜನ ಮತ್ತೆ ಬೀದಿಗಿಳಿದರು. ಮೈ ಕೊರೆಯುವ ಚಳಿಯಲ್ಲಿ ಸ್ವಯಂಸೇವಕರು ಗುಂಪಾಗಿ ನಡೆಯುತ್ತಾರೆ, ಬಿಸಾಡಿದ ಸೂಜಿಗಳನ್ನು ಆಯುತ್ತಾರೆ, ತಿನ್ನಲು ಕೊಡುತ್ತಾರೆ, ಒಂಟಿಯಾಗಿ ನಿಂತ ಹುಡುಗಿಯನ್ನು ಮಾತಾಡಿಸುತ್ತಾರೆ. ಅದೇ ನಗರದ ಪೇಟೆ ಭಾಗದಲ್ಲಿ 2020ರಿಂದ ಸಂಬಳ ಪಡೆಯುವ ತಂಡಗಳೂ ಹಗಲು ರಾತ್ರಿ ಇಂಥದೇ ಕೆಲಸ ಮಾಡುತ್ತಿವೆ. ನಮ್ಮಲ್ಲಿ ಅನಾಹುತವಾದ ಮೇಲೆ ಮೇಣದ ಬತ್ತಿ ಹಿಡಿದು ನಡೆಯುವ ಬದಲು ಮೊದಲೇ ನಡೆಯೋಣ ಎಂಬುದಕ್ಕೆ ಈ ಮಾತು ಹೇಳಿದೆ.

ಅಮೆರಿಕದ ಯೂಜೀನ್ ನಗರದಿಂದ ಕಲಿಯಬೇಕಾದ್ದು ಬೇರೆ ಪಾಠ. ಅಲ್ಲಿ 1989ರಿಂದ ಕಹೂಟ್ಸ್ ಎಂಬ ಸೇವೆ ಇತ್ತು. ಮಾನಸಿಕ ಸಂಕಟ, ಕುಡಿತ, ಬೀದಿಪಾಲಾದವರ ಕರೆಗಳಿಗೆ ಪೊಲೀಸರ ಬದಲು ಒಬ್ಬ ವೈದ್ಯಕೀಯ ಸಿಬ್ಬಂದಿ, ಒಬ್ಬ ಆಪ್ತಸಮಾಲೋಚಕರು ಹೋಗುತ್ತಿದ್ದರು. ಪ್ರಪಂಚವೆಲ್ಲ ಅದನ್ನು ಮಾದರಿ ಎಂದು ಹೊಗಳಿತು. 2025ರ ಏಪ್ರಿಲ್‌ನಲ್ಲಿ ಆ ಊರಿನಲ್ಲೇ ಅದು ನಿಂತುಹೋಯಿತು, ನಡೆಸುವ ಸಂಸ್ಥೆಯ ಬಳಿ ಹಣವಿರಲಿಲ್ಲ. ಹೊಗಳಿಕೆಯಿಂದ ಸಂಬಳ ಕೊಡಲಾಗುವುದಿಲ್ಲ. ಅದಕ್ಕೇ ಹಣದ ಮಾತನ್ನು ಈಗಲೇ ಆಡುತ್ತೇನೆ.

ಈ ನಗರದಲ್ಲಿ ಆಸ್ತಿ ತೆರಿಗೆ ಕಟ್ಟುವ ಪ್ರತಿಯೊಬ್ಬರೂ ಅದರ ಜೊತೆ ಭಿಕ್ಷುಕರ ಕರ ಕಟ್ಟುತ್ತಾರೆ, ತೆರಿಗೆಯ ಶೇ 3ರಷ್ಟು. ಚಿಕ್ಕಪೇಟೆಯ ಸೀರೆ ಅಂಗಡಿಯವರೂ ಕಟ್ಟುತ್ತಾರೆ, ವೈಟ್‌ಫೀಲ್ಡಿನ ಐಟಿ ಪಾರ್ಕಿನವರೂ ಕಟ್ಟುತ್ತಾರೆ. ಕಷ್ಟದಲ್ಲಿರುವವರ ಹೆಸರಿನಲ್ಲಿ ವಸೂಲಾಗುವ ಹಣ ಇದು. ಪಾಲಿಕೆ ವಸೂಲಿ ಮಾಡಿದ ಈ ಕರವನ್ನು ಪರಿಹಾರ ನಿಧಿಗೆ ಪೂರ್ತಿ ದಾಟಿಸದೆ ಬಾಕಿ ಉಳಿಸಿಕೊಂಡ ಸುದ್ದಿ ಹಿಂದೆ ಹಲವು ಸಲ ಪತ್ರಿಕೆಗಳಲ್ಲಿ ಬಂದಿದೆ. ಹಿಂದಿನ ಬಿಬಿಎಂಪಿ ಒಡೆದು ಪಾಲಿಕೆ ಈಗ ಐದಾಗಿದೆ, ಹೊಸ ಲೆಕ್ಕದ ಪುಸ್ತಕ ತೆರೆದಿದ್ದೀರಿ. ಕೇಂದ್ರ ನಗರ ಪಾಲಿಕೆಯ ವ್ಯಾಪ್ತಿಯಲ್ಲಿ ವಸೂಲಾದ ಭಿಕ್ಷುಕರ ಕರ ಎಷ್ಟು, ಎಲ್ಲಿಗೆ ಹೋಯಿತು ಎಂಬುದನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸಿ. ಅದರಲ್ಲಿ ಒಂದು ಪಾಲನ್ನು ಈ ತಂಡದ ಸಂಬಳಕ್ಕೆ ತೆಗೆದಿಡಿ. ಸಮಾಜ ಕಲ್ಯಾಣ ಇಲಾಖೆಯನ್ನು ಈ ಪತ್ರದಲ್ಲಿ ಸೇರಿಸಿದ್ದು ಇದಕ್ಕಾಗಿಯೇ. ಸಂಘ ಸಂಸ್ಥೆಗಳ ದಾನದ ಮೇಲೆ, ಕಂಪನಿಗಳು ಸಾಮಾಜಿಕ ಹೊಣೆಯೆಂದು ಕೊಡುವ ಸಿಎಸ್‌ಆರ್ ಹಣದ ಮೇಲೆ ಇದನ್ನು ನಿಲ್ಲಿಸಿದರೆ ಎರಡು ವರ್ಷ ನಡೆದು ಮೂರನೇ ವರ್ಷ ಬೋರ್ಡ್ ಮಾತ್ರ ಉಳಿಯುತ್ತದೆ.

ಇನ್ನು ತಂಡದಲ್ಲಿ ಯಾರಿರಬೇಕು ಎಂಬ ಮಾತು. ಒಬ್ಬರು ನರ್ಸ್ ಖಂಡಿತ ಬೇಕು, ಗಾಯ ತೊಳೆಯಲು, ಸಕ್ಕರೆ ನೋಡಲು, ಇದು ತುರ್ತೋ ಅಲ್ಲವೋ ಎಂದು ಹೇಳಲು. ಸಮಾಜಕಾರ್ಯ ಓದಿದ ಒಬ್ಬರು ಬೇಕು, ಕಾಗದ ಪತ್ರ, ಇಲಾಖೆ, ಆಸ್ಪತ್ರೆಗಳ ಜೊತೆ ಮಾತಾಡಲು. ಉಳಿದವರು ಈ ಬೀದಿಗಳಲ್ಲೇ ಬದುಕಿದವರಾಗಿರಲಿ. ಹಿಂದೆ ಪ್ಲಾಟ್‌ಫಾರ್ಮಿನಲ್ಲಿ ಬೆಳೆದ ಹುಡುಗ, ಪೀರ್ ಎಜುಕೇಟರ್ ಆಗಿದ್ದ ಅಕ್ಕ, ಮಾರುಕಟ್ಟೆಯ ಹಮಾಲಿ, ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದವರು. ಅವರಿಗೆ ಗೌರವಧನ ಎಂದು ಚಿಲ್ಲರೆ ಕೊಡಬೇಡಿ, ಪಿಎಫ್, ಇಎಸ್‌ಐ ಸಮೇತ ಸಂಬಳ ಕೊಡಿ. ಕನ್ನಡದ ಜೊತೆಗೆ ತೆಲುಗು, ತಮಿಳು, ದಖ್ಖನಿ, ಹಿಂದಿ, ಬಂಗಾಳಿ ಆಡುವವರು ಇರಬೇಕು. ಭಯದಲ್ಲಿರುವ ಮನುಷ್ಯನಿಗೆ ತನ್ನ ಭಾಷೆ ಕಿವಿಗೆ ಬಿದ್ದರೆ ಅರ್ಧ ಭಯ ಹೋಗುತ್ತದೆ. ಪ್ರತಿ ಗುಂಪಿನಲ್ಲಿ ಹೆಂಗಸರು ಇರಲೇಬೇಕು. ಹೆಗಲ ಚೀಲದಲ್ಲಿ ನೀರು, ಬಿಸ್ಕತ್ತು, ಓಆರ್‌ಎಸ್, ಡ್ರೆಸ್ಸಿಂಗ್ ಸಾಮಾನು, ಸ್ಯಾನಿಟರಿ ಪ್ಯಾಡ್, ಒಂದು ಹೊದಿಕೆ, ಮೊಬೈಲ್ ಚಾರ್ಜರ್ ಇರಲಿ. ಚಾರ್ಜರ್ ಸಣ್ಣ ವಸ್ತು ಅನಿಸಬಹುದು. ನಡುರಾತ್ರಿ ಊರಿಗೆ ಒಂದು ಫೋನ್ ಮಾಡಲಾಗದೆ ಅಳುತ್ತ ನಿಂತವರನ್ನು ಕಂಡವರಿಗೆ ಅದರ ಬೆಲೆ ಗೊತ್ತು.

ಪೊಲೀಸರ ಜೊತೆ ತಂಡದ ಸಂಬಂಧ ಹೇಗಿರಬೇಕು ಎಂಬುದು ನಾಜೂಕಿನ ವಿಷಯ, ಆಯುಕ್ತರು ಇದನ್ನು ಸ್ವತಃ ನೋಡಬೇಕು. ಉಪ್ಪಾರಪೇಟೆ, ಕಾಟನ್‌ಪೇಟೆ ಠಾಣೆಗಳಲ್ಲೂ ರೈಲ್ವೆ ಪೊಲೀಸರಲ್ಲೂ ತಂಡಕ್ಕೆ ಒಬ್ಬೊಬ್ಬ ಗೊತ್ತುಪಡಿಸಿದ ಅಧಿಕಾರಿ ಇರಲಿ. ಚೂರಿ ಹೊರಬಂದರೆ, ಮಗು ಮಾರುವವನು ಕಂಡರೆ, ಹೆಣ್ಣಿನ ಮೇಲೆ ಕೈ ಮಾಡುವವನಿದ್ದರೆ ತಂಡ ಕರೆದ ಕೂಡಲೇ ಪೊಲೀಸರು ಬರಬೇಕು. ಹಾಗೆಂದು ತಂಡವನ್ನು ಮಾಹಿತಿದಾರರನ್ನಾಗಿ ಬಳಸಬಾರದು. ನಿನ್ನೆ ರಾತ್ರಿ ಯಾರು ಎಲ್ಲಿ ಮಲಗಿದ್ದರು ಎಂಬ ಪಟ್ಟಿ ಠಾಣೆಗೆ ಹೋಯಿತು ಎಂಬ ಗುಮಾನಿ ಒಂದು ಸಲ ಹುಟ್ಟಿದರೆ ಎಲ್ಲವೂ ಮುಗಿಯಿತು. ಗಂಡು ಹೆಣ್ಣು ಜೊತೆಗೆ ನಿಂತಿದ್ದರೆ ನೀವು ಯಾರು, ಯಾವ ಜಾತಿ, ಮದುವೆ ಆಗಿದೆಯಾ ಎಂದು ಕೇಳುವ ಹಕ್ಕೂ ತಂಡಕ್ಕೆ ಇರಬಾರದು. ನಾಗರಿಕ ಗಸ್ತು ಎಂಬ ಹೆಸರಿನಲ್ಲಿ ನೈತಿಕ ಪೊಲೀಸ್‌ಗಿರಿ ಮಾಡಲು ಕಾಯುತ್ತಿರುವವರು ನಮ್ಮ ರಾಜ್ಯದಲ್ಲಿ ಕಡಿಮೆ ಇಲ್ಲ. ಅಂಥವರಿಗೆ ನಿಮ್ಮ ಗುರುತಿನ ಚೀಟಿ ಸಿಗದಂತೆ ನೇಮಕದಲ್ಲೇ ಎಚ್ಚರ ವಹಿಸಿ.

ಹಾಗೆಯೇ ಫೋಟೊ. ಬೀದಿಯಲ್ಲಿದ್ದವರ ತಲೆ ಬೋಳಿಸಿ, ಸ್ನಾನ ಮಾಡಿಸಿ, ಹೊಸ ಅಂಗಿ ತೊಡಿಸಿ, ಮೊದಲು ಹೀಗಿದ್ದರು ಈಗ ಹೀಗಿದ್ದಾರೆ ಎಂದು ರೀಲ್ಸ್ ಹಾಕುವುದು ಈಗ ಸೇವೆ ಎನಿಸಿಕೊಂಡಿದೆ. ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆ ಮನುಷ್ಯನ ಮಗಳು ಎಲ್ಲೋ ಅದನ್ನು ನೋಡುತ್ತಾಳೆ. ಅವನನ್ನು ಕೇಳಿದರೇ? ಈ ತಂಡದವರು ಕರ್ತವ್ಯದ ಹೊತ್ತಿನಲ್ಲಿ ಮೊಬೈಲ್ ಕ್ಯಾಮೆರಾ ತೆರೆಯಬಾರದು ಎಂಬುದು ಮೊದಲ ನಿಯಮವಾಗಲಿ. ಕಾಣೆಯಾದವರ ಗುರುತಿಗೆ ಫೋಟೊ ಬೇಕಾದರೆ ಅದು ಠಾಣೆಯ ದಾಖಲೆಯಲ್ಲಿ ಇರಲಿ.

ನಮ್ಮ ವರ್ತಕ ಮಿತ್ರರ ಮಾತನ್ನೂ ಕೇಳಬೇಕು. ಬೆಳಿಗ್ಗೆ ಶಟರ್ ಎತ್ತಿದರೆ ಮೂತ್ರದ ನಾತ, ಮೆಟ್ಟಿಲ ಮೇಲೆ ವಾಂತಿ, ಒಡೆದ ಬಾಟಲಿ. ಅವರ ದೂರು ಸುಳ್ಳಲ್ಲ. ಗ್ರಾಹಕರು ಹೆದರುತ್ತಾರೆ, ಮೊಬೈಲ್ ಕಿತ್ತುಕೊಂಡು ಓಡುವವರಿದ್ದಾರೆ. ಆದರೆ ಎಬ್ಬಿಸಿ ಓಡಿಸಿದರೆ ಜನ ಎಲ್ಲಿಗೆ ಹೋಗುತ್ತಾರೆ? ಬಳೇಪೇಟೆಯಿಂದ ಓಡಿಸಿದವರು ಕಾಟನ್‌ಪೇಟೆಗೆ, ಅಲ್ಲಿಂದ ಓಡಿಸಿದವರು ಗೂಡ್ಸ್ ಶೆಡ್ ರಸ್ತೆಗೆ. ರಾತ್ರಿ ತೆರೆದಿರುವ ಶೌಚಾಲಯ ಇದ್ದರೆ ಮೆಟ್ಟಿಲು ಒದ್ದೆಯಾಗುವುದಿಲ್ಲ. ಕಳ್ಳತನದ ವಿಷಯದಲ್ಲಿ ಇನ್ನೊಂದು ಸತ್ಯವಿದೆ: ಬೀದಿಯಲ್ಲಿ ಮಲಗುವವರೇ ಅದರ ಮೊದಲ ಬಲಿ. ದಿನದ ಕೂಲಿ, ಚಪ್ಪಲಿ, ಮಾತ್ರೆಯ ಚೀಲ, ಹೊದ್ದ ಕಂಬಳಿ, ಎಲ್ಲವೂ ನಿದ್ದೆಯಲ್ಲಿರುವಾಗ ಹೋಗುತ್ತದೆ. ಹೆಂಗಸರಿಗೆ ಆಗುವುದನ್ನು ನಾನು ಇಲ್ಲಿ ಬರೆಯಲಾರೆ. ಅವರು ದೂರು ಕೊಡುವುದಿಲ್ಲ, ಹಾಗಾಗಿ ಅದು ನಿಮ್ಮ ಅಪರಾಧದ ಅಂಕಿಗಳಲ್ಲಿ ಕಾಣುವುದಿಲ್ಲ. ಈ ಬೀದಿಗಳಲ್ಲಿ ಯಾರು ಹೊಸಬ, ಯಾವನ ಸೊಂಟದಲ್ಲಿ ಏನಿದೆ, ಯಾವ ಲಾಡ್ಜಿಗೆ ಯಾವ ಹುಡುಗಿಯನ್ನು ತಂದರು ಎಂಬುದೆಲ್ಲ ಫುಟ್‌ಪಾತಿನವರಿಗೆ ತಿಳಿದಿರುತ್ತದೆ. ಅವರಿಗೆ ಭದ್ರತೆ ಸಿಕ್ಕರೆ ಅವರು ಬಾಯಿ ಬಿಡುತ್ತಾರೆ, ಆಗ ಅಂಗಡಿಗಳಿಗೂ ಗಿರಾಕಿಗಳಿಗೂ ಭದ್ರತೆ ಸಿಗುತ್ತದೆ.

ತಂಡ ಕರೆದುಕೊಂಡು ಹೋಗಲು ಜಾಗ ಇಲ್ಲದಿದ್ದರೆ ನಡೆದು ಪ್ರಯೋಜನವಿಲ್ಲ. ಒಂದು ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2011ರ ಜನಗಣತಿಯಲ್ಲಿ ಆಗಿನ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ ದಾಟಿತ್ತು, ಅಂದರೆ ಆ ಲೆಕ್ಕಕ್ಕೇ 84 ತಂಗುದಾಣ ಬೇಕಿತ್ತು. ಈಗ ಊರು ಎಷ್ಟು ಬೆಳೆದಿದೆ ಎಂಬುದನ್ನು ನಾನು ಹೇಳಬೇಕಿಲ್ಲ. ಇರುವ ತಂಗುದಾಣಗಳ ವಿಳಾಸ, ಇಂದು ರಾತ್ರಿ ಖಾಲಿ ಇರುವ ಹಾಸಿಗೆ, ಹೆಂಗಸರಿಗೆ ಎಲ್ಲಿ, ಸಂಸಾರಕ್ಕೆ ಎಲ್ಲಿ ಎಂಬುದನ್ನು ಬಸ್ ನಿಲ್ದಾಣದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಮೆಜೆಸ್ಟಿಕ್‌ನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಹೆಂಗಸರಿಗೇ ಮೀಸಲಾದ ಒಂದನ್ನು ತೆರೆಯಿರಿ. ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಬಾಗಿಲು ತೆಗೆಯುವಂತಿರಲಿ, ಆಧಾರ್ ಇಲ್ಲ ಎಂದು ವಾಪಸ್ ಕಳಿಸದಂತಿರಲಿ. ಬರಲು ಒಲ್ಲೆ ಎನ್ನುವವರನ್ನು ಎಳೆದುಕೊಂಡು ಹೋಗಬೇಡಿ. ಮೊದಲ ದಿನ ಒಲ್ಲೆ ಎಂದವರು ಹತ್ತನೇ ದಿನ ಬರುತ್ತಾರೆ, ಕೆಲವರು ವರ್ಷವಾದರೂ ಬರುವುದಿಲ್ಲ. ಅವರಿಗೂ ಹೊದಿಕೆ, ಮಾತ್ರೆ, ಮಾತು ಸಲ್ಲಬೇಕು.

ಇಡೀ ನಗರಕ್ಕೆ ಒಂದೇ ಸಲ ಮಾಡಿ ಎಂದು ಕೇಳುತ್ತಿಲ್ಲ. ಉದ್ಘಾಟನೆ, ಬ್ಯಾನರ್, ಹೊಸ ಆ್ಯಪ್ ಯಾವುದೂ ಬೇಡ. ಈ ಮಳೆಗಾಲ ಶುರುವಾಗುವ ಮೊದಲು ಮೆಜೆಸ್ಟಿಕ್‌ನಿಂದ ಮಾರುಕಟ್ಟೆವರೆಗೆ ಒಂದು ವರ್ಷದ ಮಟ್ಟಿಗೆ ನಡೆಸಿ ನೋಡಿ. ಎಷ್ಟು ಜನರನ್ನು ಸ್ಥಳಾಂತರಿಸಿದಿರಿ ಎಂದು ಲೆಕ್ಕ ಹಾಕಬೇಡಿ. ಎಷ್ಟು ಗಾಯ ವಾಸಿಯಾಯಿತು, ಎಷ್ಟು ಮಕ್ಕಳು ದಲ್ಲಾಳಿಗಿಂತ ಮೊದಲು ತಂಡದ ಕೈಗೆ ಸಿಕ್ಕರು, ಎಷ್ಟು ಹೆಂಗಸರು ಮೊದಲ ಬಾರಿಗೆ ಠಾಣೆಗೆ ಹೋಗಿ ದೂರು ಕೊಟ್ಟರು, ವಾರಸುದಾರರಿಲ್ಲದ ಶವ ಎಂದು ಬರೆಯುವುದು ಎಷ್ಟು ಕಡಿಮೆಯಾಯಿತು, ಇವುಗಳ ಲೆಕ್ಕ ಇಡಿ, ಅದನ್ನು ನಮ್ಮ ಮುಂದೆಯೂ ಇಡಿ.

ನಮ್ಮ ಕಡೆಯಿಂದ ಆಗುವುದನ್ನೂ ಹೇಳುತ್ತೇನೆ. ಗಾಂಧಿನಗರದಲ್ಲಿ ರಾತ್ರಿ ತೆರೆದಿರುವ ಕೆಲವು ಅಂಗಡಿಯವರು ಮಾತಾಡಿಕೊಂಡಿದ್ದೇವೆ. ತಂಡಕ್ಕೆ ಸಾಮಾನು ಇಡಲು ಕಪಾಟು, ಕೂರಲು ಬೆಂಚು, ಬಿಸಿನೀರು, ಮೊಬೈಲ್ ಚಾರ್ಜ್ ಮಾಡಲು ಪ್ಲಗ್ ಕೊಡುತ್ತೇವೆ. ಡ್ರೆಸ್ಸಿಂಗ್ ಸಾಮಾನನ್ನು ಕೊಂಡ ಬೆಲೆಗೇ ಕೊಡುತ್ತೇವೆ. ಟೀ ಅಂಗಡಿಯ ಹುಡುಗ ತರಬೇತಿಗೆ ಬರುತ್ತೇನೆ ಎಂದಿದ್ದಾನೆ, ಸಂಜೆ ಹೊತ್ತು ಇಟ್ಟರೆ ಅನುಕೂಲ. ನೀವು ಮೂವರೂ ಒಂದು ದಿನ ಗೊತ್ತು ಮಾಡಿ ರಾತ್ರಿ ಎರಡು ಗಂಟೆಗೆ ಬನ್ನಿ, ಸೈರನ್ ಇಲ್ಲದೆ, ಕಾರು ಆನಂದರಾವ್ ವೃತ್ತದಲ್ಲೇ ಬಿಟ್ಟು. ಬಸ್ ನಿಲ್ದಾಣದಿಂದ ಮಾರುಕಟ್ಟೆವರೆಗೆ ಜೊತೆಯಲ್ಲಿ ನಡೆಯೋಣ. ದಾರಿ ನಾನು ತೋರಿಸುತ್ತೇನೆ. ಯಾವ ದಿನ ಬರುತ್ತೀರೆಂದು ತಿಳಿಸಿ.

ಇಂತಿ,
ಗಾಂಧಿನಗರದ ರಾತ್ರಿ ಪಾಳಿಯ ಔಷಧಿ ಅಂಗಡಿಯವನು